ತೋಟ ಮಾರೋ ಮಾತು ಆಮೇಲೆ, ಮೊದ್ಲು ಜೀನ್ ರಿಪೋರ್ಟ್ ತರಿಸಿ

ಪ್ರಶ್ನೆ: ನಾವು ಹೊಸನಗರ ತಾಲೂಕಿನ ಒಂದು ಹಳ್ಳಿಯವರು. ಮಗಳಿಗೆ ಐದು ವರ್ಷ. ಎಳೇ ಕೂಸಾಗಿದ್ದಾಗಿಂದ್ಲೂ ಕೆಮ್ಮು, ಕಫ, ಎಷ್ಟು ತಿಂದ್ರೂ ಮೈ ಹತ್ತಲ್ಲ, ದಿನಕ್ಕೆ ಐದಾರು ಸಲ ಎಣ್ಣೆ ತೇಲೋ ಥರ ವಾಸನೆ ಕಕ್ಕಸ್ಸು ಮಾಡ್ತಾಳೆ. ಮೊದ್ಲು ಅಸ್ತಮಾ ಅಂದ್ರು, ಆಮೇಲೆ ಟಿಬಿ ಅಂತ ಆರು ತಿಂಗಳು ಮಾತ್ರೆ ಕೊಟ್ರು. ಹೋದ ತಿಂಗಳು ಬೆಂಗಳೂರಲ್ಲಿ ಬೆವರಿನ ಟೆಸ್ಟ್ ಮಾಡಿಸಿದ್ವಿ, 102 ಬಂತು, ಸಿಸ್ಟಿಕ್ ಫೈಬ್ರೋಸಿಸ್ ಅಂದ್ರು. ನಾನು ಮದುವೆ ಆಗಿರೋದು ಸೋದರತ್ತೆ ಮಗನನ್ನ. ಅತ್ತೆ ದಿನಾ "ನಮ್ಮ ವಂಶದಲ್ಲಿ ಯಾರಿಗೂ ಇಂಥದ್ದಿಲ್ಲ" ಅಂತಾರೆ. ಅಮೆರಿಕದ ಒಂದು ಮಾತ್ರೆಯಿಂದ ಪೂರ್ತಿ ವಾಸಿ ಆಗುತ್ತೆ, ವರ್ಷಕ್ಕೆ ಎರಡೂವರೆ ಕೋಟಿ ಅಂತ ಯಾರೋ ಹೇಳಿದ್ರು. ನಮ್ಮದು ಎರಡು ಎಕರೆ ಅಡಿಕೆ ತೋಟ, ಮಾರೋಣ ಅಂತ ನಮ್ಮೆಜಮಾನ್ರು ಹೊರಟಿದಾರೆ. ಊರಿನ ಹುಡುಗರು ಸಹಾಯಾರ್ಥ ಯಕ್ಷಗಾನ ಆಡಿಸ್ತೀವಿ, ಮೊಬೈಲಲ್ಲೂ ದುಡ್ಡು ಎತ್ತೋಣ ಅಂತಿದಾರೆ. ಇನ್ನೊಂದು ಮಗು ಬೇಕು ಅಂತಾನೂ ಮನೇಲಿ ಒತ್ತಾಯ. ಏನು ಮಾಡೋದು ಡಾಕ್ಟ್ರೇ?

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ ಅಮ್ಮ. ನೀವು ಕೇಳಿರೋದು ಒಂದು ಪ್ರಶ್ನೆ ಅಲ್ಲ, ನಾಲ್ಕು: ತಪ್ಪು ಯಾರದ್ದು, ಆ ಮಾತ್ರೆ ನಿಜವಾ, ತೋಟ ಮಾರಬೇಕಾ, ಇನ್ನೊಂದು ಮಗು ಮಾಡ್ಕೋಬಹುದಾ. ತೋಟದ ವಿಷ್ಯಕ್ಕೆ ಮೊದ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಈ ಉತ್ತರ ಓದೋ ಹೊತ್ತಿಗೆ ನಿಮ್ಮ ಯಜಮಾನ್ರು ಅಡ್ವಾನ್ಸ್ ತಗೊಂಡುಬಿಟ್ಟಿರಬಾರದು. ಈಗ ಮಾರಬೇಡಿ. ಯಾಕೆ ಅಂತ ಕೆಳಗೆ ಪೂರ್ತಿ ಬರೆದಿದೀನಿ.

ಮೊದ್ಲು ರೋಗ ಏನು ಅಂತ. ನಮ್ಮ ಮೈಯ ಜೀವಕೋಶದ ಗೋಡೇಲಿ ಉಪ್ಪಿನ ಅಂಶ ಆಚೆ ಈಚೆ ಹೋಗೋಕೆ ಒಂದು ಬಾಗಿಲು ಇರುತ್ತೆ, ಅದನ್ನ ಕಟ್ಟೋ ಜೀನ್ ಹೆಸರು ಸಿ.ಎಫ್.ಟಿ.ಆರ್., ಏಳನೇ ಕ್ರೋಮೋಸೋಮಲ್ಲಿ ಇರೋದು, 1989ರಲ್ಲಿ ಪತ್ತೆ ಆಗಿದ್ದು. ಅದು ಕೆಟ್ಟಿದ್ರೆ ಬಾಗಿಲು ತೆರೆಯಲ್ಲ, ಉಪ್ಪಿನ ಹಿಂದೆ ಬರಬೇಕಾದ ನೀರೂ ಬರಲ್ಲ, ಹಂಗಾಗಿ ತೆಳ್ಳಗೆ ಜಾರಬೇಕಾದ ಲೋಳೆ ಹಲಸಿನ ಮೇಣದ ಥರ ಅಂಟು ಆಗುತ್ತೆ. ಶ್ವಾಸಕೋಶದಲ್ಲಿ ಅದು ಕೂತ್ರೆ ಕಫ ಹೊರಗೆ ಬರಲ್ಲ, ಬಸಿಗಾಲುವೆ ಕಟ್ಟಿಕೊಂಡ ತೋಟದಲ್ಲಿ ನೀರು ನಿಂತ ಹಂಗೆ, ನಿಂತಲ್ಲಿ ಕೀಟಾಣು ಬೆಳೆಯುತ್ತೆ. ಮೇದೋಜೀರಕ ಗ್ರಂಥಿಯ ನಾಳದಲ್ಲಿ ಕೂತ್ರೆ ಜಿಡ್ಡು ಅರಗಿಸೋ ರಸ ಕರುಳಿಗೆ ಇಳಿಯಲ್ಲ, ಅದಕ್ಕೇ ಆ ಎಣ್ಣೆ ಕಕ್ಕಸ್ಸು, ಅದಕ್ಕೇ ತಿಂದಿದ್ದು ಮೈ ಹತ್ತದೆ ಇರೋದು. ಬೆವರಿನ ಗ್ರಂಥೀಲಿ ಮಾತ್ರ ಉಲ್ಟಾ, ಅಲ್ಲಿ ವಾಪಸ್ ಒಳಗೆ ಹೀರಬೇಕಾದ ಉಪ್ಪು ಹೊರಗೇ ಹೋಗಿಬಿಡುತ್ತೆ. ಮಗುಗೆ ಮುತ್ತು ಕೊಟ್ರೆ ತುಟಿ ಉಪ್ಪುಪ್ಪು ಅನ್ಸಿರಬೇಕು ನಿಮಗೆ, ತುಂಬಾ ತಾಯಂದಿರು ನನ್ನ ಹತ್ರ ಹೇಳಿದಾರೆ. 1948ರಲ್ಲಿ ನ್ಯೂಯಾರ್ಕಲ್ಲಿ ವಿಪರೀತ ಸೆಕೆ ಬಿದ್ದಾಗ ಇಂಥ ಮಕ್ಕಳೇ ಸುಸ್ತಾಗಿ ಆಸ್ಪತ್ರೆಗೆ ಬಂದಿದ್ದು ನೋಡಿ ಡಾಕ್ಟರ್ ಡಿ ಸಾಂಟ್‌ಆಗ್ನೀಸ್ ಅನ್ನೋರಿಗೆ ಬೆವರಿನ ಮೇಲೆ ಅನುಮಾನ ಬಂತು, ಇವತ್ತಿನ ಬೆವರಿನ ಟೆಸ್ಟ್ ಹುಟ್ಟಿದ್ದು ಅಲ್ಲಿಂದ. ಕ್ಲೋರೈಡ್ 60 ದಾಟಿದ್ರೆ ಈ ಕಾಯಿಲೆ ಅಂತ ಲೆಕ್ಕ, ನಿಮ್ಮ ಮಗುದು 102, ಲಕ್ಷಣಗಳೂ ತಾಳೆ ಆಗ್ತಿವೆ, ಹಂಗಾಗಿ ರೋಗ ಯಾವ್ದು ಅನ್ನೋದ್ರಲ್ಲಿ ನನಗೆ ಅನುಮಾನ ಉಳಿದಿಲ್ಲ.

ಅಸ್ತಮಾ, ಟಿಬಿ ಅಂತ ಅಲೆದಿದ್ದಕ್ಕೆ ಬೇಜಾರು ಮಾಡ್ಕೊಂಡಿದೀರ. ನ್ಯಾಯವೇ. ನಾನೂ ಶಿವಮೊಗ್ಗದಲ್ಲಿ ಮಕ್ಕಳ ಡಾಕ್ಟ್ರಾಗಿ 20 ವರ್ಷದ ಮೇಲಾಯ್ತು, ಶುರುವಿನ ವರ್ಷಗಳಲ್ಲಿ ಒಂದು ಗಂಡು ಮಗುಗೆ ಎರಡು ವರ್ಷ ಅಸ್ತಮಾ ಅಂತಾನೇ ಔಷಧಿ ಬರ್ಕೊಟ್ಟಿದೀನಿ, ಆ ಮಗು ತೂಕ ಏರ್ತಿಲ್ಲ ಅನ್ನೋದು ಪ್ರತಿ ಸಲ ಚೀಟೀಲಿ ಬರೆದ್ರೂ ಎರಡನ್ನೂ ಸೇರಿಸಿ ನೋಡಲಿಲ್ಲ. ಇದು ಬಿಳಿಯರ ಕಾಯಿಲೆ, ನಮ್ಮಲ್ಲಿ ಇಲ್ಲ ಅಂತ ಓದುವಾಗ ತಲೇಲಿ ಕೂತಿತ್ತು. ಅದು ಸುಳ್ಳು. ನಮ್ಮಲ್ಲೂ ಇದೆ, ಹುಡುಕದೆ ಇರೋದ್ರಿಂದ ಕಮ್ಮಿ ಕಾಣುತ್ತೆ. ಆ ಮಗುವಿನ ಅಪ್ಪ ಅಮ್ಮನ ಮುಖ ಇವತ್ತಿಗೂ ನನಗೆ ಮರೆತಿಲ್ಲ, ಅದಕ್ಕೇ ಪದೇ ಪದೇ ನ್ಯುಮೋನಿಯಾ ಜೊತೆಗೆ ಜಿಡ್ಡು ಕಕ್ಕಸ್ಸು ಅಂದ ಕೂಡ್ಲೇ ಬೆವರಿನ ಟೆಸ್ಟಿಗೆ ಕಳಿಸ್ತೀನಿ.

ಇನ್ನು ಅತ್ತೆ ಮಾತು. ಈ ರೋಗ ಬರಬೇಕಾದ್ರೆ ಕೆಟ್ಟ ಜೀನ್ ಎರಡು ಬೇಕು, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಒಂದೇ ಇದ್ದವರಿಗೆ ಏನೂ ಆಗಲ್ಲ, ನಿಮ್ಮ ಹಂಗೇ ಗಟ್ಟಿಮುಟ್ಟಾಗಿ ಇರ್ತಾರೆ, ಗೊತ್ತೂ ಆಗಲ್ಲ. ಹಂಗಾಗಿ ಮೂರು ತಲೆಮಾರಲ್ಲಿ ಯಾರಿಗೂ ಕಾಯಿಲೆ ಬರದೇನೇ ಆ ಜೀನ್ ಸದ್ದಿಲ್ಲದೆ ಇಳಿದು ಬಂದಿರುತ್ತೆ. ನಿಮ್ಮ ಕೇಸಲ್ಲಿ ಅತ್ತೆ ಅಂದ್ರೆ ನಿಮ್ಮ ತಂದೆಯ ಒಡಹುಟ್ಟಿದವರು ತಾನೇ. ನಿಮ್ಮ ಅಜ್ಜ ಅಜ್ಜಿ ಅಂದ್ರೆ ಅವರ ಅಪ್ಪ ಅಮ್ಮ. ಆ ಇಬ್ಬರಲ್ಲಿ ಒಬ್ಬರ ಹತ್ರ ಇದ್ದ ಒಂದೇ ಜೀನ್ ಒಂದು ಕಡೆ ನಿಮ್ಮ ತಂದೆ ಮೂಲಕ ನಿಮಗೆ, ಇನ್ನೊಂದು ಕಡೆ ನಿಮ್ಮ ಅತ್ತೆ ಮೂಲಕ ನಿಮ್ಮ ಯಜಮಾನ್ರಿಗೆ ಬಂದಿರೋ ಸಾಧ್ಯತೇನೇ ಜಾಸ್ತಿ. ಅವರ ವಂಶ ನಿಮ್ಮ ವಂಶ ಅಂತ ಎರಡಿಲ್ಲ ಇಲ್ಲಿ, ಒಂದೇ ಮನೆ. ಇದನ್ನ ಅವರಿಗೆ ತಿರುಗಿ ಚುಚ್ಚೋಕೆ ಬಳಸಬೇಡಿ ದಯವಿಟ್ಟು, ಅವರಿಗೂ ಮೊಮ್ಮಗಳ ಮೇಲಿನ ಭಯಾನೇ ಹಂಗೆ ಮಾತಾಡಿಸ್ತಿರೋದು. ಸಂಬಂಧದಲ್ಲಿ ಮದುವೆ ಆದ್ರೆ ಇಬ್ಬರಿಗೂ ಒಂದೇ ಜೀನ್ ಸಿಗೋ ಚಾನ್ಸ್ ಜಾಸ್ತಿ ಅನ್ನೋದು ನಿಜ, ಆದ್ರೆ ಸಂಬಂಧವೇ ಇಲ್ಲದ ದಂಪತಿಗಳ ಮಕ್ಕಳಿಗೂ ನಾನು ನೋಡಿದೀನಿ. ಬಸುರೀಲಿ ತಿಂದಿದ್ದು, ಗ್ರಹಣ, ನಾಗದೋಷ, ಇವು ಯಾವ್ದೂ ಇದಕ್ಕೆ ಕಾರಣ ಅಲ್ಲ. ಇದು ಅಂಟೋ ಕಾಯಿಲೇನೂ ಅಲ್ಲ, ಅಂಗನವಾಡಿ ಶಾಲೆ ಎಲ್ಲಾ ಕಳಿಸಬಹುದು, ಬುದ್ಧಿಗೆ ಏನೂ ಕಮ್ಮಿ ಇರಲ್ಲ. ಒಂದೇ ಎಚ್ಚರ, ಸಿ.ಎಫ್. (ಅಂದ್ರೆ ಸಿಸ್ಟಿಕ್ ಫೈಬ್ರೋಸಿಸ್) ಇರೋ ಇಬ್ಬರು ಮಕ್ಕಳು ಒಬ್ಬರ ಹತ್ರ ಒಬ್ಬರು ಕೂರಬಾರದು, ಆರಡಿ ದೂರ ಇರಬೇಕು, ಯಾಕಂದ್ರೆ ಒಬ್ಬರ ಕಫದಲ್ಲಿರೋ ಹಠಮಾರಿ ಕೀಟಾಣು ಇನ್ನೊಬ್ಬರಿಗೆ ಹೋಗುತ್ತೆ. ಬೇರೆ ಕುಟುಂಬದವರ ಪರಿಚಯ ಆದ್ರೆ ದೊಡ್ಡವರು ಸೇರಿ, ಮಕ್ಕಳನ್ನ ಫೋನಲ್ಲಿ ಮಾತಾಡಿಸಿ.

ಈಗ ಆ ಮಾತ್ರೆ. ಅದರ ಹೆಸರು ಟ್ರೈಕಾಫ್ಟಾ, ಮೂರು ಔಷಧಿ ಸೇರಿದ್ದು, ಅಮೆರಿಕದಲ್ಲಿ 2019ರ ಅಕ್ಟೋಬರಲ್ಲಿ ಒಪ್ಪಿಗೆ ಸಿಕ್ತು, ಮೊದ್ಲು 12 ವರ್ಷ ದಾಟಿದವರಿಗೆ, ಆಮೇಲೆ 6ಕ್ಕೆ ಇಳೀತು, 2023ರಲ್ಲಿ 2 ವರ್ಷದ ಮಕ್ಕಳಿಗೂ ಬಂತು. ಅದು ನಿಜವಾಗ್ಲೂ ಒಳ್ಳೆ ಔಷಧಿ, ಸುಳ್ಳು ಪ್ರಚಾರ ಅಲ್ಲ, ಒಪ್ಪಿದ ಮಕ್ಕಳಲ್ಲಿ ಕಫ ಇಳಿದು ತೂಕ ಏರಿ ಮನೆಯವರೇ ನಂಬದ ಹಂಗೆ ಬದಲಾಗ್ತಾರೆ. ಆದ್ರೆ "ಪೂರ್ತಿ ವಾಸಿ" ಅನ್ನೋದು ಸುಳ್ಳು. ಅದು ಕೆಟ್ಟ ಬಾಗಿಲನ್ನ ದಿನಾ ತಳ್ಳಿ ತೆರೆದು ಹಿಡಿಯುತ್ತೆ ಅಷ್ಟೇ, ಜೀನ್ ರಿಪೇರಿ ಮಾಡಲ್ಲ. ಮಾತ್ರೆ ನಿಲ್ಲಿಸಿದ್ರೆ ಮತ್ತೆ ಅದೇ ಕಫ, ಅದೇ ಕೆಮ್ಮು. ಜೀವನಪೂರ್ತಿ ತಗೋಬೇಕು, ನಡುವೆ ಲಿವರ್ ಟೆಸ್ಟ್, ಕಣ್ಣಿನ ಟೆಸ್ಟ್ ಮಾಡಿಸ್ತಾ ಇರಬೇಕು. ಅಲ್ಲಿನ ಬೆಲೆ ವರ್ಷಕ್ಕೆ 3 ಲಕ್ಷ ಡಾಲರ್ ಮೇಲೆ, ನಿಮಗೆ ಹೇಳಿದ ಎರಡೂವರೆ ಕೋಟಿ ಲೆಕ್ಕ ಸರಿಯಾಗೇ ಇದೆ. ನಿಮ್ಮ ತೋಟಕ್ಕೆ ಇವತ್ತು ಏನು ರೇಟ್ ಬರುತ್ತೋ ಅದನ್ನ ಈ ಲೆಕ್ಕದಲ್ಲಿ ಭಾಗಿಸಿ ನೋಡಿ, ಎಷ್ಟು ತಿಂಗಳು ಬರುತ್ತೆ ಅಂತ. ಆಮೇಲೆ ಮಾತ್ರೆನೂ ಇಲ್ಲ, ತೋಟಾನೂ ಇಲ್ಲ, ಮಗುವಿನ ದಿನದ ಔಷಧಿಗೆ ದುಡ್ಡು ಕೊಡ್ತಿದ್ದ ಅಡಿಕೆ ಕೊನೇನೂ ಇಲ್ಲ.

ಇನ್ನೂ ಒಂದು ಮುಖ್ಯ ವಿಷ್ಯ ಇದೆ, ಇದನ್ನ ಯಾರೂ ನಿಮಗೆ ಹೇಳಿದ ಹಂಗೆ ಕಾಣಲ್ಲ. ಆ ಮಾತ್ರೆ ಎಲ್ಲರಿಗೂ ಕೆಲಸ ಮಾಡಲ್ಲ. ಈ ಜೀನಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಥರದ ಬದಲಾವಣೆ ಕಂಡಿದಾರೆ. ಯುರೋಪ್ ಅಮೆರಿಕದಲ್ಲಿ ಬಹುತೇಕರಿಗೆ ಎಫ್508ಡೆಲ್ ಅನ್ನೋ ಒಂದೇ ಥರದ ದೋಷ ಒಂದಾದ್ರೂ ಇರುತ್ತೆ, ಮಾತ್ರೆ ತಯಾರಾಗಿದ್ದೇ ಮುಖ್ಯವಾಗಿ ಅದನ್ನ ಇಟ್ಕೊಂಡು. ನಮ್ಮ ಮಕ್ಕಳಲ್ಲಿ ಆ ದೋಷದ ಪಾಲು ಅಷ್ಟಿಲ್ಲ, ಬೇರೆ ಬೇರೆ ದೋಷಗಳೇ ಜಾಸ್ತಿ. ಕೆಲವು ದೋಷದಲ್ಲಂತೂ ಬಾಗಿಲೇ ತಯಾರಾಗಲ್ಲ, ಬಾಗಿಲೇ ಇಲ್ಲದ ಮೇಲೆ ಯಾವ್ದನ್ನ ತಳ್ಳೋದು. ಹಂಗಾಗಿ ಜೀನ್ ರಿಪೋರ್ಟ್ ಕೈಗೆ ಬರೋವರೆಗೂ ಆ ಮಾತ್ರೆ ನಿಮ್ಮ ಮಗುಗೆ ಉಪಯೋಗಕ್ಕೆ ಬರುತ್ತಾ ಅಂತ ನಾನೂ ಹೇಳಕ್ಕಾಗಲ್ಲ, ಹೇಳಿದ ಆ "ಯಾರೋ" ಕೂಡ ಹೇಳಕ್ಕಾಗಲ್ಲ. ಟೆಸ್ಟ್ ಮಾಡಿಸುವಾಗ ನಾಲ್ಕೈದು ದೋಷ ಮಾತ್ರ ಹುಡುಕೋ ಸಣ್ಣ ಟೆಸ್ಟ್ ಬೇಡ, ಇಡೀ ಜೀನ್ ಓದೋ ಟೆಸ್ಟ್ ಕೇಳಿ, ದೊಡ್ಡ ತುಂಡು ಬಿಟ್ಟುಹೋಗಿದ್ಯಾ ಅನ್ನೋದೂ ನೋಡಿ ಅಂತ ಹೇಳಿ. ನೀವು ಸಂಬಂಧದವರು ಆಗಿರೋದ್ರಿಂದ ಎರಡು ಕಡೆಯಿಂದ್ಲೂ ಒಂದೇ ದೋಷ ಬಂದಿರಬಹುದು. ಅಂದ್ರೆ ಮಾತ್ರೆ ಒಪ್ಪಿದ್ರೆ ಎರಡಕ್ಕೂ ಒಪ್ಪುತ್ತೆ, ಇಲ್ಲಾ ಅಂದ್ರೆ ಎರಡಕ್ಕೂ ಇಲ್ಲ.

ದುಡ್ಡು ಎತ್ತಿ ರೋಗ ಗೆಲ್ಲೋ ಮಾತು ಬಂತಲ್ಲ, ಆ ಮಾತ್ರೆ ಹೆಂಗೆ ಬಂತು ಅನ್ನೋದು ಕೇಳಿ. 1955ರಲ್ಲಿ ಅಮೆರಿಕದಲ್ಲಿ ಇಂಥ ಮಕ್ಕಳ ಅಪ್ಪ ಅಮ್ಮಂದಿರು ಸೇರಿ ಒಂದು ಫೌಂಡೇಶನ್ ಕಟ್ಟಿದ್ರು. ಆಗ ಈ ಮಕ್ಕಳು ಒಂದನೇ ಕ್ಲಾಸಿಗೆ ಹೋಗೋ ವಯಸ್ಸು ಮುಟ್ಟೋದೇ ಕಷ್ಟ. 1965ರಲ್ಲಿ ಒಬ್ಬ ತಾಯಿ ಮನೇಲಿ ಕೂತು ಫೋನ್ ಮಾಡಿ ಮಾಡಿ ದುಡ್ಡು ಕೇಳ್ತಿದ್ರಂತೆ, ಅವರ ನಾಲ್ಕು ವರ್ಷದ ಮಗ ರೋಗದ ಹೆಸರನ್ನ "ಸಿಕ್ಸ್ಟಿಫೈವ್ ರೋಸಸ್" ಅಂತ ಕೇಳಿಸ್ಕೊಂಡು, ನೀನು 65 ಗುಲಾಬಿಗೋಸ್ಕರ ದುಡಿತಿದೀಯ ಅಂದನಂತೆ. ಆ ತಾಯಿಗೆ ಮೂರು ಗಂಡುಮಕ್ಕಳು, ಮೂವರಿಗೂ ಇದೇ ಕಾಯಿಲೆ. ನಡಿಗೆ, ಊಟ, ಮನೆಮನೆ ಚಂದಾ, ಹಿಂಗೇ ಎತ್ತಿದ ದುಡ್ಡನ್ನ 2000ದ ಹೊತ್ತಿಗೆ ಔಷಧಿ ಕಂಪನಿಯ ಸಂಶೋಧನೆಗೇ ಹಾಕಿದ್ರು, 2012ರಲ್ಲಿ ಮೊದಲನೇ ಮಾತ್ರೆ ಬಂತು, ಅದು ಒಪ್ಪೋದು ನೂರಕ್ಕೆ ನಾಲ್ಕೈದು ಜನಕ್ಕೆ ಮಾತ್ರ. 2014ರಲ್ಲಿ ಆ ಫೌಂಡೇಶನ್ ತನ್ನ ರಾಯಲ್ಟಿ, ಅಂದ್ರೆ ಔಷಧಿ ಮಾರಾಟದಲ್ಲಿ ಬರೋ ಪಾಲನ್ನ, 330 ಕೋಟಿ ಡಾಲರಿಗೆ ಮಾರಿ ಆ ದುಡ್ಡನ್ನ ಮತ್ತೆ ಸಂಶೋಧನೆಗೇ ಸುರೀತು. 1955ರಿಂದ 2019, ಲೆಕ್ಕ ಹಾಕಿ, 64 ವರ್ಷ. ಶುರು ಮಾಡಿದ ಎಷ್ಟೋ ತಂದೆ ತಾಯಿಗೆ ತಮ್ಮ ಮಗುಗೆ ಸಿಗಲ್ಲ ಅಂತ ಗೊತ್ತಿತ್ತು, ಆದ್ರೂ ಎತ್ತಿದ್ರು. ಇವತ್ತು ಅಲ್ಲಿ ಹುಟ್ಟೋ ಮಗು 60 ದಾಟುತ್ತೆ ಅಂತ ಅಂದಾಜು. ಅಷ್ಟು ಸಾಮಾನ್ಯ ಮನೆಗಳ ಚಂದಾ ದುಡ್ಡಿಂದ ಹುಟ್ಟಿದ ಔಷಧಿ ನಮ್ಮ ಮಲೆನಾಡಿನ ಮಗುಗೆ ಕೈಗೆಟುಕಲ್ಲ ಅನ್ನೋದು ನನಗೆ ತುಂಬಾ ನೋವಿನ ವಿಷ್ಯ. 2023ರಲ್ಲಿ ಭಾರತ, ದಕ್ಷಿಣ ಆಫ್ರಿಕಾ, ಬ್ರೆಜಿಲ್, ಯುಕ್ರೇನಿನ ಕುಟುಂಬಗಳು ಒಟ್ಟಿಗೆ ಎದ್ದು ನಿಂತು, ಆ ಪೇಟೆಂಟ್ ಬಿಗಿ ಸಡಿಲಿಸಿ, ಅಗ್ಗದ ಮಾತ್ರೆ ತಯಾರಿಸೋಕೆ ಬಿಡಿ ಅಂತ ಕಾನೂನಿನ ದಾರಿ ಹಿಡಿದ್ರು. ಅರ್ಜೆಂಟೀನಾದಲ್ಲಿ ಅಲ್ಲಿಯದೇ ಕಂಪನಿ ಅದೇ ಮೂರು ಔಷಧಿ ಸೇರಿಸಿ ತುಂಬಾ ಕಮ್ಮಿಗೆ ಮಾಡ್ತಿದೆ. ದಾರಿ ತೆರೀತಾ ಇದೆ, ನಿಧಾನ ಅಷ್ಟೇ. ಅಲ್ಲೀವರೆಗೆ ಮಗುವಿನ ಶ್ವಾಸಕೋಶ ಕೆಡದ ಹಂಗೆ ಕಾಯ್ಕೊಳ್ಳೋದು ನಮ್ಮ ಕೆಲಸ, ಯಾಕಂದ್ರೆ ಒಮ್ಮೆ ಗಾಯ ಆಗಿ ಗಟ್ಟಿಯಾದ ಭಾಗ ಯಾವ ಮಾತ್ರೆಗೂ ಮೊದಲಿನ ಹಂಗೆ ಆಗಲ್ಲ.

ಆದ್ದರಿಂದ ನೀವು ಎತ್ತೋ ದುಡ್ಡಿಗೆ ಮೊದಲ ಹಕ್ಕು ದಿನದ ಆರೈಕೆದು.

ಅದರಲ್ಲಿ ಮೊದಲನೇದು ಆ ಜಿಡ್ಡು ಅರಗಿಸೋ ರಸದ ಬದಲಿಗೆ ಕೊಡೋ ಎಂಜೈಮ್ ಕ್ಯಾಪ್ಸೂಲ್, ಕ್ರಿಯಾನ್ ಥರದ್ದು. ಪ್ರತಿ ಊಟಕ್ಕೆ, ತಿಂಡಿಗೆ, ಹಾಲಿಗೂ ಬೇಕು, ಊಟದ ಶುರುವಿಗೇ ಕೊಡಬೇಕು. ನುಂಗಕ್ಕಾಗದಿದ್ರೆ ಬಿಡಿಸಿ ಒಳಗಿನ ಕಾಳನ್ನ ಹುಳಿ ಇರೋ ಹಣ್ಣಿನ ತಿರುಳಲ್ಲಿ ಬೆರೆಸಿ ಕೊಡಿ, ಬಿಸಿ ಅನ್ನ, ಹಾಲಲ್ಲಿ ಬೇಡ, ಅರೆಯಲೂ ಬಾರದು, ಬಾಯಲ್ಲಿ ಉಳಿದ್ರೆ ಹುಣ್ಣಾಗುತ್ತೆ, ನೀರು ಕುಡಿಸಿ. ಡೋಸ್ ತೂಕದ ಮೇಲೆ, ಒಂದು ಊಟಕ್ಕೆ ಕೆಜಿಗೆ 2,500 ಲೈಪೇಸ್ ಯೂನಿಟ್ ದಾಟಬಾರದು, ದಿನಕ್ಕೆ ಒಟ್ಟು ಕೆಜಿಗೆ 10,000 ದಾಟಬಾರದು, ಜಾಸ್ತಿ ಆದ್ರೆ ದೊಡ್ಡ ಕರುಳಿಗೆ ಪೆಟ್ಟು. ಇನ್ನೊಂದು ಮಾತು, ಇದನ್ನ ಮುಚ್ಚಿಡೋದು ನನಗೆ ಸರಿ ಕಾಣಲ್ಲ: ಈ ಎಂಜೈಮ್ ತಯಾರಾಗೋದು ಹಂದಿಯ ಮೇದೋಜೀರಕ ಗ್ರಂಥಿಯಿಂದ. ನಮ್ಮ ಕಡೆ ಶುದ್ಧ ಸಸ್ಯಾಹಾರಿ ಮನೆಗಳೂ ಇವೆ, ಹಂದಿ ಮುಟ್ಟದ ಮುಸಲ್ಮಾನರ ಮನೆಗಳೂ ಇವೆ. ಗೊತ್ತಾದ ಮೇಲೆ ಅರ್ಧಕ್ಕೆ ನಿಲ್ಲಿಸಿದವರನ್ನ ನೋಡಿದೀನಿ. ಇದರ ಜಾಗಕ್ಕೆ ಅಷ್ಟೇ ಚೆನ್ನಾಗಿ ಕೆಲಸ ಮಾಡೋ ಸಸ್ಯದ ಎಂಜೈಮ್ ನಮಗೆ ಇಲ್ಲಿ ಸಿಗೋದಿಲ್ಲ. ನಿಮ್ಮ ಗುರುಗಳನ್ನೋ ಮೌಲ್ವಿಯವರನ್ನೋ ಕೇಳಬೇಕು ಅನ್ಸಿದ್ರೆ ಕೇಳಿ, ಜೀವ ಉಳಿಸೋ ಔಷಧಿಗೆ ಬೇಡ ಅಂದವರು ನನಗೆ ಇದುವರೆಗೂ ಸಿಕ್ಕಿಲ್ಲ.

ಊಟದಲ್ಲಿ ನಮ್ಮೂರಿನ ದೊಡ್ಡ ತಪ್ಪು ಒಂದಿದೆ. ಕಫದ ಮಗು ಅಂತ ತುಪ್ಪ, ಮೊಸರು, ಬಾಳೆಹಣ್ಣು ಎಲ್ಲಾ ಬಂದ್ ಮಾಡಿ ಬರೀ ಗಂಜಿ ಕೊಡ್ತಾರೆ. ಇವಳಿಗೆ ಉಲ್ಟಾ ಬೇಕು. ಎಂಜೈಮ್ ಕೊಟ್ಟು ಜಿಡ್ಡು ಧಾರಾಳ ಹಾಕಿ, ಅಕ್ಕಿ ರೊಟ್ಟಿಗೆ ಬೆಣ್ಣೆ, ಕಡುಬಿಗೆ ತುಪ್ಪ, ತೆಂಗಿನಕಾಯಿ, ಶೇಂಗಾ, ಮೊಟ್ಟೆ ತಿನ್ನೋ ಮನೆ ಆದ್ರೆ ಮೊಟ್ಟೆ. ಜೊತೆಗೆ ಎ, ಡಿ, ಇ, ಕೆ ವಿಟಮಿನ್. ಉಪ್ಪೂ ಜಾಸ್ತಿ ಬೇಕು. ಮಾರ್ಚ್ ಏಪ್ರಿಲ್ ಸೆಕೇಲಿ, ಮದುವೆ ಮನೆ ಓಡಾಟದಲ್ಲಿ, ಜ್ವರ ಬಂದಾಗ ಬೆವರಲ್ಲಿ ಉಪ್ಪು ಹೋಗಿ ಮಗು ತಟಕ್ಕನೆ ಮಂಕಾಗುತ್ತೆ, ವಾಂತಿ ಶುರುವಾಗುತ್ತೆ. ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಕೈಲಿರಲಿ, ಮಂಕಾದ್ರೆ ರಾತ್ರಿ ಆದ್ರೂ ಸರಿ ಆಸ್ಪತ್ರೆಗೆ ಹೋಗಿ ರಕ್ತದ ಸೋಡಿಯಂ, ಪೊಟ್ಯಾಸಿಯಂ ನೋಡಿಸಿ. ಅಲ್ಲಿ "ಇವಳಿಗೆ ಸಿಸ್ಟಿಕ್ ಫೈಬ್ರೋಸಿಸ್ ಇದೆ" ಅಂತ ಮೊದಲ ಮಾತಲ್ಲೇ ಹೇಳಿ, ರಿಪೋರ್ಟ್ ಜೆರಾಕ್ಸ್ ಒಂದು ಯಾವಾಗ್ಲೂ ಬ್ಯಾಗಲ್ಲಿ ಇಟ್ಕೊಳ್ಳಿ.

ಕಫ ತೆಗೆಯೋದು ದಿನಕ್ಕೆ ಎರಡು ಸಲ, ಹಬ್ಬ ಇರ್ಲಿ ಮಳೆ ಇರ್ಲಿ. ನೆಬ್ಯುಲೈಸರಲ್ಲಿ ಉಪ್ಪುನೀರಿನ ಔಷಧಿ ಎಳೆಸಿ, ಆಮೇಲೆ ಬೆನ್ನು ಎದೆ ತಟ್ಟೋದು, ಗುಳ್ಳೆ ಊದಿಸೋದು, ಕುಣಿಸೋದು, ಕೆಮ್ಮಿಸೋದು. ಆಂಟಿಬಯೋಟಿಕ್ ಎಳೆಸೋದಿದ್ರೆ ಇದೆಲ್ಲಾ ಆದ ಮೇಲೆ ಕೊನೇಲಿ, ಕಫ ತುಂಬಿರೋವಾಗ ಎಳೆಸಿದ್ರೆ ಒಳಗೆ ಹೋಗಲ್ಲ. ನೆಬ್ಯುಲೈಸರ್ ಬಟ್ಟಲನ್ನ ಪ್ರತಿ ಸಲ ತೊಳೆದು, ದಿನಕ್ಕೊಮ್ಮೆ ಐದು ನಿಮಿಷ ಕುದಿಸಿ, ಗಾಳಿಗೆ ಒಣಗಿಸಿ, ಸೆರಗಲ್ಲಿ ಒರೆಸಬೇಡಿ. ಮಳೆಗಾಲದಲ್ಲಿ ನಿಮ್ಮ ಕಡೆ ಮೂರು ನಾಲ್ಕು ದಿನ ಕರೆಂಟ್ ಇರಲ್ಲ ಅಂತ ನನಗೆ ಗೊತ್ತು, ಹಂಗಾಗಿ ಬ್ಯಾಟರಿ ನೆಬ್ಯುಲೈಸರೋ ಯುಪಿಎಸ್ಸೋ ಖರೀದಿ ಲಿಸ್ಟಲ್ಲಿ ಮೇಲೇ ಇರ್ಲಿ. ಹಂಗೇ ನಮ್ಮ ಮಲೆನಾಡಿನದೇ ಒಂದು ತೊಂದರೆ ಬೂಷ್ಟು. ಒದ್ದೆ ಗೋಡೆ, ಅಡಿಕೆ ಸಿಪ್ಪೆ ರಾಶಿ, ಗೊಬ್ಬರ ಗುಂಡಿ, ಕೊಟ್ಟಿಗೆಗೆ ಹಾಸೋ ಸೊಪ್ಪು ತರಗೆಲೆ, ಇವುಗಳಲ್ಲಿರೋ ಆಸ್ಪರ್ಜಿಲಸ್ ಅನ್ನೋ ಶಿಲೀಂಧ್ರ ಇಂಥ ಮಕ್ಕಳ ಎದೇಲಿ ಅಲರ್ಜಿ ಕಾಯಿಲೆ ಎಬ್ಬಿಸುತ್ತೆ. ಗೊಬ್ಬರ ತೆಗೆಯೋ ದಿನ, ಸಿಪ್ಪೆ ಕೆದಕೋ ದಿನ ಮಗು ದೂರ ಇರ್ಲಿ. ಅಡಿಕೆ ಬೇಯಿಸೋ ಒಲೆ, ಬಚ್ಚಲ ಒಲೆ ಹೊಗೇನೂ ಆಗಲ್ಲ. ಮಲಗೋ ಕೋಣೆ ಒಂದಾದ್ರೂ ಒಣಗಿರೋ ಹಂಗೆ ನೋಡ್ಕೊಳ್ಳಿ. ಮೂರು ತಿಂಗಳಿಗೊಮ್ಮೆ ತೂಕ, ಕಫದಲ್ಲಿ ಯಾವ ಕೀಟಾಣು ಇದೆ ಅಂತ ನೋಡೋ ಕಲ್ಚರ್ ಟೆಸ್ಟ್. ಸ್ಯೂಡೊಮೊನಾಸ್ ಅನ್ನೋ ಕೀಟಾಣು ಹೊಸದಾಗಿ ಬಂದಾಗಲೇ ಹಿಡಿದ್ರೆ ಓಡಿಸಬಹುದು, ಮನೆ ಮಾಡಿಕೊಂಡ ಮೇಲೆ ಕಷ್ಟ.

ಸರ್ಕಾರದ ದಾರಿ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತೀಲಿ ಸಿ.ಎಫ್. ಹೆಸರು ಇದೆ, ಮೂರನೇ ಗುಂಪಲ್ಲಿ. ಕಫ ತೆಳು ಮಾಡೋ ಡಿಎನ್ಏಸ್ ಔಷಧಿಗೆ ಬೇರೆ ಸಾಲು, ಮಾತ್ರೆಗಳಿಗೆ ಬೇರೆ ಸಾಲು. ಗುರುತಿಸಿದ ಕೇಂದ್ರದ ಮೂಲಕ ಒಬ್ಬ ರೋಗಿಗೆ 50 ಲಕ್ಷದವರೆಗೆ ನೆರವು ಅಂತ 2022ರಲ್ಲಿ ಮಾಡಿದ್ರು. ಬೆಂಗಳೂರಲ್ಲಿ ಆ ಕೇಂದ್ರ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಮಾನವ ತಳಿಶಾಸ್ತ್ರ ಕೇಂದ್ರ ಸೇರಿದ್ದು. ದುಡ್ಡು ನಿಮ್ಮ ಕೈಗೆ ಬರಲ್ಲ, ಕೇಂದ್ರಕ್ಕೇ ಹೋಗುತ್ತೆ. ಫೈಲ್ ಓಡೋಕೆ ಟೈಮ್ ಹಿಡಿಯುತ್ತೆ, ಅದಕ್ಕೇ ಇವತ್ತೇ ಹೆಸರು ನೋಂದಾಯಿಸಿ ಅನ್ನೋದು. ಆದ್ರೆ 50 ಲಕ್ಷ ಜೀವನಪೂರ್ತಿ ಮಾತ್ರೆಗೆ ಸಾಲಲ್ಲ, ಡಿಎನ್ಏಸ್‌ಗೆ ಕೇಳಿದ್ರೆ ತುಂಬಾ ದೂರ ಬರುತ್ತೆ, ನನ್ನ ಅಭಿಪ್ರಾಯ ಅದೇ ಮೊದ್ಲು ಕೇಳಿ ಅಂತ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಅಡ್ಮಿಟ್ ಆದಾಗ ಉಪಯೋಗ, ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೇಲಿ ವಿಚಾರಿಸಿ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಬಿಲ್ಲು, ಅಂದಾಜು ಪಟ್ಟಿ ಇಟ್ಟು ಅರ್ಜಿ ಹಾಕಿ. ಮುಂದೆ ಯಾವತ್ತಾದ್ರೂ ಹೊರದೇಶದಿಂದ ಔಷಧಿ ತರಿಸೋ ಹಂಗಾದ್ರೆ, ಈ ನೀತೀಲಿರೋ ಕಾಯಿಲೆಗಳಿಗೆ ಸ್ವಂತಕ್ಕೆ ತರಿಸೋ ಔಷಧಿಗೆ 2023ರ ಏಪ್ರಿಲ್ 1ರಿಂದ ಮೂಲ ಕಸ್ಟಮ್ಸ್ ಸುಂಕ ಇಲ್ಲ, ಅದಕ್ಕೆ ಸರ್ಕಾರಿ ವೈದ್ಯಾಧಿಕಾರಿ ಸರ್ಟಿಫಿಕೇಟ್ ಬೇಕು, ಔಷಧ ನಿಯಂತ್ರಣ ಇಲಾಖೆಯ ಪರವಾನಗೀನೂ ಬೇಕು. ಬ್ಯಾಗಲ್ಲಿ ತಂದುಕೊಡ್ತೀನಿ ಅನ್ನೋ ಏಜೆಂಟನ್ನ ನಂಬಬೇಡಿ, ಡಬ್ಬಿ ಒಳಗೆ ಏನಿರುತ್ತೋ ಯಾರಿಗೆ ಗೊತ್ತು. ಸ್ಟೆಮ್ ಸೆಲ್ ಹಾಕಿ ವಾಸಿ ಮಾಡ್ತೀವಿ ಅನ್ನೋರು, ಬೇರು ಕಟ್ಟಿ ವಾಸಿ ಮಾಡ್ತೀವಿ ಅನ್ನೋರೂ ಬರ್ತಾರೆ. ದುಡ್ಡು ಎತ್ತಿದ ಸುದ್ದಿ ಹಬ್ಬಿದ ವಾರದಲ್ಲೇ ಬರ್ತಾರೆ.

ಊರವರ ಯಕ್ಷಗಾನದ ಆಟದ ವಿಷ್ಯ ಓದಿ ಖುಷಿ ಆಯ್ತು. ಆಡಿಸಿ. ಆದ್ರೆ "ಎರಡೂವರೆ ಕೋಟಿ ಬೇಕು" ಅಂತ ಬ್ಯಾನರ್ ಹಾಕಿದ್ರೆ ಐನೂರು ಕೊಡೋನು ತನ್ನ ಐನೂರಿಂದ ಏನಾಗುತ್ತೆ ಅಂತ ಕೈ ಹಿಂದೆ ತಗೋತಾನೆ, ಅದೇ "ಈ ವರ್ಷದ ಎಂಜೈಮ್, ನೆಬ್ಯುಲೈಸರ್, ಜೀನ್ ಟೆಸ್ಟ್" ಅಂತ ರೂಪಾಯಿ ಲೆಕ್ಕ ಬರೆದ್ರೆ ಊರು ಅದನ್ನ ಮುಗಿಸಿಕೊಡುತ್ತೆ, ಮುಂದಿನ ವರ್ಷ ಮತ್ತೆ ಕೇಳಿದಾಗ್ಲೂ ಕೊಡುತ್ತೆ. ಒಂದೇ ಸಲಕ್ಕೆ ಎತ್ತಿ ಮುಗಿಸೋ ಕಾಯಿಲೆ ಅಲ್ಲ ಇದು. ಬೇರೆ ಖಾತೆ ತೆಗೀರಿ, ನಿಮ್ಮ ಜೊತೆಗೆ ಶಾಲೆ ಮೇಷ್ಟ್ರೋ ಸೊಸೈಟಿ ಸೆಕ್ರೆಟರಿಯೋ ಒಬ್ಬರ ಸಹಿ ಇರ್ಲಿ, ಖರ್ಚಿನ ಬಿಲ್ಲು ಯಾರು ಕೇಳಿದ್ರೂ ತೋರಿಸೋ ಹಂಗೆ ಇರ್ಲಿ. ಮೂರು ವರ್ಷ ಆದ ಮೇಲೆ ಎದ್ದ ಒಂದು ಅನುಮಾನದ ಮಾತಿಂದ ಊರು ಬಿಟ್ಟು ಹೋದ ಕುಟುಂಬ ನನಗೆ ಗೊತ್ತು, ಒಂದು ರೂಪಾಯಿ ತಿಂದಿರಲಿಲ್ಲ ಅವರು, ಲೆಕ್ಕ ಬರೆದಿರಲಿಲ್ಲ ಅಷ್ಟೇ. ಇನ್ನು ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ 50,000ಕ್ಕಿಂತ ಜಾಸ್ತಿ ನಿಮ್ಮ ಸ್ವಂತ ಖಾತೆಗೆ ಬಂದ್ರೆ ಆದಾಯ ತೆರಿಗೆ ಲೆಕ್ಕಕ್ಕೆ ಬರಬಹುದು, ಶುರು ಮಾಡೋ ಮೊದ್ಲೇ ಆಡಿಟರ್ ಹತ್ರ ಕೂತು ಮಾತಾಡಿ. ಆಸ್ಪತ್ರೆ ಖಾತೆಗೆ ನೇರ ಹಾಕಿಸೋದು ಎಷ್ಟೋ ಸಲ ಒಳ್ಳೇದು. ಟ್ರಸ್ಟ್ ಮಾಡ್ತೀವಿ ಅಂದ್ರೆ, ವಿದೇಶಿ ಪೌರತ್ವ ತಗೊಂಡವರಿಂದ ದುಡ್ಡು ತಗೋಳೋಕೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ಕಾನೂನಿನ, ನೋಂದಣಿ ಬೇಕು. ಆನ್‌ಲೈನ್ ವೇದಿಕೆಗಳಲ್ಲಿ ಎತ್ತೋದಾದ್ರೆ ಕಮಿಷನ್ ಎಷ್ಟು, ಜಾಹೀರಾತಿಗೆ ಅಂತ ಎಷ್ಟು ಮುರ್ಕೋತಾರೆ, ಬರವಣಿಗೇಲಿ ಕೇಳಿ. ಮತ್ತೆ ಮಗು ಮೂಗಿಗೆ ಆಕ್ಸಿಜನ್ ಹಾಕಿ ಅಳೋ ಫೋಟೋ, ಆಧಾರ್ ನಂಬರಿರೋ ರಿಪೋರ್ಟ್, ಇವನ್ನ ವಾಟ್ಸಾಪಿಗೆ ಬಿಡಬೇಡಿ. ಅವಳು ಹತ್ತನೇ ಕ್ಲಾಸಿಗೆ ಹೋಗೋ ಹೊತ್ತಿಗೂ ಆ ಫಾರ್ವರ್ಡ್ ಓಡಾಡ್ತಿರುತ್ತೆ. ಆಟದ ರಾತ್ರಿ ಥಂಡಿಗೆ ಅವಳನ್ನ ರಂಗಸ್ಥಳಕ್ಕೆ ಹತ್ತಿಸಿ ತೋರಿಸೋದೂ ಬೇಡ, ಮನೇಲಿ ಬೆಚ್ಚಗೆ ಮಲಗಿರ್ಲಿ.

ಇನ್ನೊಂದು ಮಗು. ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಚಾನ್ಸ್, ಒಂದು ಮಗುಗೆ ಬಂತು ಇನ್ನು ಮೂರಕ್ಕೆ ಬರಲ್ಲ ಅನ್ನೋ ಲೆಕ್ಕ ಅಲ್ಲ, ಪ್ರತಿ ಸಲ ಹೊಸದಾಗಿ ನಾಲ್ಕರಲ್ಲಿ ಒಂದು. ಮಗಳ ಜೀನ್ ದೋಷ ಗೊತ್ತಾಗಿ, ನಿಮ್ಮಿಬ್ಬರಲ್ಲೂ ಅದು ಇದೆ ಅಂತ ಖಚಿತ ಆದ್ರೆ ಬಸುರಿ ಆದ 11ರಿಂದ 13 ವಾರದಲ್ಲಿ ಮಾಸು ಚೀಲದ ಚೂರು ತೆಗೆದು ನೋಡಬಹುದು, ಆ ಪರೀಕ್ಷೇಲಿ ಗರ್ಭ ಹೋಗೋ ಸಣ್ಣ ಅಪಾಯ ಇದೆ. ಆಮೇಲೆ ಏನು ಮಾಡೋದು ಅನ್ನೋದು ನೀವಿಬ್ಬರು ತೀರ್ಮಾನ ಮಾಡಬೇಕಾದ್ದು, ನಾನಲ್ಲ, ನಿಮ್ಮ ಅತ್ತೆನೂ ಅಲ್ಲ. ಜೀನ್ ರಿಪೋರ್ಟ್ ಇಲ್ಲದೆ ಬಸುರಿ ಆಗಿ ಓಡಿಬಂದ್ರೆ ಮಾತ್ರ ಟೈಮ್ ಸಾಲಲ್ಲ, ಅದಕ್ಕೇ ಅಲ್ಲೀವರೆಗೂ ತಡೀರಿ. ನಿಮ್ಮ ತಮ್ಮನ ಮದುವೆ, ನಾದಿನಿ ಮದುವೆ ಮನೆಯೊಳಗೇ ಮಾಡೋ ಮಾತಿದ್ರೆ ಅವರಿಗೂ ಆ ಒಂದು ದೋಷದ ಟೆಸ್ಟ್ ಮಾಡಿಸಬಹುದು.

ಬರೋ ವಾರ ಶಿವಮೊಗ್ಗಕ್ಕೆ ಬನ್ನಿ. ಹುಟ್ಟಿದಾಗಿಂದ ಬರೆದ ತೂಕದ ಕಾರ್ಡು, ಎಲ್ಲಾ ಎಕ್ಸ್‌ರೇ, ಬೆವರಿನ ರಿಪೋರ್ಟ್, ಟಿಬಿ ಚೀಟಿ ಎಲ್ಲಾ ತನ್ನಿ, ಬೆಂಗಳೂರಿನ ಕೇಂದ್ರಕ್ಕೆ ಪತ್ರ ನಾನು ಬರ್ಕೊಡ್ತೀನಿ. ವೆಲ್ಲೂರಿನ ಸಿ.ಎಂ.ಸಿ.ಯಲ್ಲೂ ಇದಕ್ಕೇ ಬೇರೆ ಕ್ಲಿನಿಕ್ ಇದೆ, ಒಂದು ಸಲ ಹೋಗಿ ಬರೋದು ಒಳ್ಳೇದು. ಬರುವಾಗ ಅತ್ತೆಯನ್ನೂ ಕರ್ಕೊಂಡು ಬನ್ನಿ. ಬೆನ್ನು ತಟ್ಟೋದು ಹೆಂಗೆ ಅಂತ ಫಿಸಿಯೋಥೆರಪಿಸ್ಟ್ ಹತ್ರ ಅವರಿಗೇ ಮೊದ್ಲು ಕಲಿಸೋಣ, ಬೆಳಿಗ್ಗೆ ನೀವು ಕೊಟ್ಟಿಗೆ ಕೆಲಸದಲ್ಲಿ ಇರೋವಾಗ ಮಗು ಅವರ ಮಡಿಲಲ್ಲೇ ತಾನೇ ಇರೋದು.